ಅಳತೆ ದಾರಗಳ ಗೋಡೆ

ಎಪ್ಪತ್ತರ ದಶಕದಲ್ಲಿ ನಾನು ರಾಮದುರ್ಗದಿಂದ ಬೈಲಹೊಂಗಲದ ಸಿಂಪಿಗರ ಮನೆಗೆ ಸೊಸೆಯಾಗಿ ಬಂದೆ. ಮಾವನವರಿಗೆ ಓದುಬರಹ ಬರುತ್ತಿರಲಿಲ್ಲ. ಹೆಂಗಸರ ಅಳತೆಯನ್ನು ಅತ್ತೆ ದಾರದಲ್ಲಿ ತೆಗೆದು, ಎದೆಗೊಂದು, ತೋಳಿಗೊಂದು, ಉದ್ದಕ್ಕೊಂದು ಗಂಟು ಹಾಕಿ ಕೊಡುವರು. ಮಾವ ಅದನ್ನು ಅಂಗಡಿಯ ಗೋಡೆಗೆ ತೂಗುಹಾಕುವರು. ಒಂದು ಮನೆತನಕ್ಕೆ ಒಂದು ಮೊಳೆ. ಓಣಿಯ ಹೆಂಗಸರೆಲ್ಲ ಆ ಗೋಡೆಯ ಮೇಲಿದ್ದರು, ನಾನೊಬ್ಬಳೇ ಇರಲಿಲ್ಲ.

“ಜಾಗಾ ಇಲ್ಲವಾ, ಮೊಳಿ ತುಂಬ್ಯಾವ,” ಎನ್ನುವರು ಅತ್ತೆ. ನನ್ನ ಕುಪ್ಪಸ ಇನ್ನೂ ತವರಿನಲ್ಲೇ ಹೊಲಿಸಬೇಕಿತ್ತು. ಸಿಂಪಿಗರ ಸೊಸೆ ಕುಪ್ಪಸಕ್ಕಾಗಿ ಬಸ್ಸು ಹತ್ತುವುದೆಂದರೆ! ಈ ಮನೆಗೆ ನಾನು ಬರೀ ನೆಂಟರವಳೇನೋ ಎನಿಸಿ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಗೋಡೆಯನ್ನು ನಾನೇ ನೋಡಿಕೊಳ್ಳುತ್ತೇನೆಂದು ಸೆರಗು ಸಿಕ್ಕಿಸಿದೆ. ಒಂದು ದಾರ ತೆಗೆದರೆ ಎರಡು ಉದುರುತ್ತಿದ್ದವು. ಉದ್ದನೆಯ ಮೊಳೆ ಹೊಡೆದೆ, ಗೋಡೆಯ ಗಾರೆಯೇ ಕಿತ್ತುಬಂತು. ದಾರಗಳನ್ನು ಜಡೆಯಂತೆ ಹೆಣೆದೆ, ಬೇಕಾದದ್ದು ಕೈಗೆ ಸಿಗದಾಯಿತು. ಕೊನೆಗೆ ಒಂದು ಮೊಳೆಯನ್ನೇ ಬರಿದು ಮಾಡಿ ಮಾವನ ಮುಂದೆ ಸುರಿದೆ.

“ಇವು ಯಾರ್ಯಾರವು ಹೇಳ್ರಿ ಮಾವಾರ.”

ಅವರು ಗಂಟು ಮುಟ್ಟಿ ಹೇಳುತ್ತ ಹೋದರು. ಇಬ್ಬರು ತೀರಿಹೋದವರು. ಒಬ್ಬಾಕೆಯವೇ ಮೂರು: ಲಂಗದ ವಯಸ್ಸಿನದು, ಮದುವೆಯದು, ಮಕ್ಕಳಾದ ಮೇಲಿನದು. ಇನ್ನೊಬ್ಬಳನ್ನು ಸವದತ್ತಿಗೆ ಕೊಟ್ಟಿತ್ತು. ಹೊಸ ಅಳತೆ ಬಂದರೂ ಹಳೆಯದನ್ನು ಅವರು ತೆಗೆದೇ ಇರಲಿಲ್ಲ.

“ಹಳೇವು ತಗದ ಒಗೀರಿ,” ಎಂದೆ.

“ಕೊಟ್ಟ ಹೆಣ್ಮಗಳು ತವರಿಗೆ ಬರೂದಿಲ್ಲೇನವಾ?”

“ಬಸರಾಗಿ ಕುಬಸದ ಕಾರ್ಯಕ್ಕ ಬಂದಾಕಿಗೆ ಲಗ್ನದಾಗಿನ ಅಳತಿ ಹಿಡಸತೈತೇನ್ರಿ?”

ಅತ್ತೆ ಸೆರಗು ಬಾಯಿಗೊತ್ತಿ ನಕ್ಕರು. ಮಾವ ನಗಲಿಲ್ಲ, ಆದರೆ ದಾರ ಆರಿಸತೊಡಗಿದರು. ಸಂಜೆಯ ಹೊತ್ತಿಗೆ ಒಗೆಯುವ ದಾರಗಳಿಂದ ಒಂದು ಬುಟ್ಟಿ ತುಂಬಿತು.

ಕೊನೆಗೆ ಉಳಿದದ್ದು ನಮ್ಮ ಮನೆಯ ಮೊಳೆ. ಅದರಲ್ಲಿ ಎಲ್ಲಕ್ಕಿಂತ ಒಳಗಿದ್ದದ್ದು ಮಾವನ ತಾಯಿಯ ದಾರ. ಆಕೆ ತೀರಿಹೋಗಿ ಎಷ್ಟೋ ವರ್ಷವಾಗಿತ್ತು.

“ಊರಾಗ ಸತ್ತವರದ್ದೆಲ್ಲಾ ಒಗದು, ನಮ್ಮವ್ವಂದು ಇಟಗೊಂಡ್ರ ಹೆಂಗ? ನಿನಗ ಜಾಗಾ ಆಗ್ಲಿ,” ಎಂದು ಮಾವ ಅದನ್ನು ಬುಟ್ಟಿಯ ಮೇಲೆ ಹಿಡಿದರು. ಬೆರಳು ಮಾತ್ರ ಬಿಡಲೊಲ್ಲವು. ನನ್ನ ಹಟವೆಲ್ಲ ಕರಗಿಹೋಯಿತು. ಆ ಮುದುಕನ ಮೇಲೆ ಅಷ್ಟು ಪ್ರೀತಿ ನನಗೆ ಅಲ್ಲಿಯವರೆಗೆ ಬಂದಿರಲಿಲ್ಲ.

“ಅದು ಇರ್ಲಿ ಬಿಡ್ರಿ. ನಂದು ಅವರ ಜೋಡಿನ ಹಾಕ್ರಿ.”

“ಅಕಿ ಭಾಳ ಸಿಟ್ಟಿನಾಕಿ ಇದ್ಲವಾ.”

“ನಾನೂ ಏನ ಕಡಿಮಿಲ್ರಿ.”

ಅತ್ತೆ ಉಂಡೆಯಿಂದ ಹೊಸ ದಾರ ಹರಿದುಕೊಂಡು ನನ್ನೆದುರು ನಿಂತರು.

“ಕೈ ಎತ್ತವಾ,” ಎಂದರು.