ಹತ್ತು ದಿನಗಳೊಳಗೆ ಉತ್ತರಿಸತಕ್ಕದ್ದು

ವಿದ್ಯಾರ್ಥಿ ಸಂಘದ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಅವರು ಕೂರುತ್ತಿದ್ದರು. ಎಲ್ಲರ ಬಾಯಲ್ಲೂ ಅವರ ಹೆಸರು ಉತ್ತರದಕ್ಕ. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಬೆರಳಚ್ಚುಗಾರ್ತಿಯಾಗಿದ್ದವರು. ನಕಲು ಮಾಡಿದ ಆರೋಪ ಹೊತ್ತವರಿಗೆ ಹೋಗುವ ನೋಟಿಸುಗಳನ್ನೆಲ್ಲ ಟೈಪು ಮಾಡಿದ ಕೈ ಅವರದು. ನಿವೃತ್ತಿಯಾದ ಮೇಲೆ ಅದೇ ನೋಟಿಸುಗಳಿಗೆ ಉತ್ತರ ಬರೆಯುವುದು ಹೇಗೆಂದು ಹೇಳಿಕೊಡಲು ಕೂತಿದ್ದರು.

ನಾನು ಹೋದದ್ದು ಕೊನೆಯ ವರ್ಷದಲ್ಲಿ. ನೂಲಿನ ಗಿರಣಿಯಲ್ಲಿ ದುಡಿದ ಹೆಂಗಸರ ಬಗ್ಗೆ ನಾನು ಬರೆದ ಮೂವತ್ತು ಪುಟದ ಪ್ರಬಂಧ ಪೂರ್ತಿ ಬೇರೆಯವರದೆಂದು ಆರೋಪ ಬಂದಿತ್ತು.

"ನೋಟಿಸು ಬಂದು ಎಷ್ಟು ದಿನ ಆಯ್ತು?"

"ಎಂಟು ದಿನ ಅಕ್ಕ. ಹಾಸಿಗೆ ಕೆಳಗಿಟ್ಟಿದ್ದೆ."

"ಕಾವು ಕೊಟ್ಟರೆ ಮರಿಯಾಗುತ್ತೆ ಅಂತಾನಾ? ಹತ್ತು ದಿನದೊಳಗೆ ಉತ್ತರ ಕೊಡ್ಬೇಕು. ಹೇಳು, ಏನಾಯ್ತು?"

"ನಾನೇನೂ ಮಾಡಿಲ್ಲ."

ಅವರು ಕನ್ನಡಕ ಹಾಕಿಕೊಂಡು ಪ್ರಬಂಧ ಓದತೊಡಗಿದರು. ಒಂದು ಗಂಟೆಯಾಯಿತು. ಹದಿನಾಲ್ಕನೇ ಪುಟದ ಮೇಲೆ ಬೆರಳು ನಿಂತಿತು.

"ಈ ಎರಡು ಪುಟ ನಿನ್ನದಲ್ಲ. ಮಿಕ್ಕ ಕಡೆಯೆಲ್ಲ ಕಾಗುಣಿತದ ತಪ್ಪಿದೆ, ಇಲ್ಲಿ ಹುಡುಕಿದರೂ ಇಲ್ಲ."

ನನಗೆ ಅಳು ಒತ್ತರಿಸಿ ಬಂತು. ಗಡುವಿನ ಹಿಂದಿನ ದಿನ ಹಳೆಯ ಪ್ರಬಂಧವೊಂದರಿಂದ ಎತ್ತಿದ್ದೆ. "ಒಪ್ಕೊಂಡ್ರೆ ಓಡಿಸ್ತಾರಕ್ಕ," ಎಂದೆ.

"ಎರಡು ಪುಟ ಒಪ್ಕೋ. ಮಿಕ್ಕಿದ್ದಕ್ಕೆ ಯಾಕೆ ತಲೆ ಬಗ್ಗಿಸ್ತೀಯ? ಆ ಹೆಂಗಸರ ಮಾತು ಬರ್ಕೊಂಡ ಪುಸ್ತಕ ಎಲ್ಲಿ?"

ಪುಸ್ತಕ ಮನೆಯಲ್ಲಿತ್ತು. ಓಡಿ ತಂದೆ. ಗ್ರಂಥಾಲಯದ ಚೀಟಿಗಳನ್ನು ತಾರೀಕಿನ ಪ್ರಕಾರ ಜೋಡಿಸಿ ಪಿನ್ನು ಹಾಕಿದೆವು. ಪತ್ರವನ್ನು ನಾಲ್ಕು ಸಲ ಬರೆಸಿದರು. ನನ್ನ ಭವಿಷ್ಯದ ಬಗ್ಗೆ ಬರೆದ ಸಾಲುಗಳನ್ನೆಲ್ಲ ಹೊಡೆದುಹಾಕಿ, "ಗೋಳು ಬೇಡ. ಏನು ಮಾಡಿದೆ, ಯಾವಾಗ ಮಾಡಿದೆ, ಅಷ್ಟು ಬರಿ," ಎಂದರು.

ವಿಚಾರಣೆಯ ದಿನ ಅವರು ಪಕ್ಕದಲ್ಲಿ ಕೂರಬಹುದಿತ್ತು, ಮಾತಾಡುವಂತಿರಲಿಲ್ಲ. ಸಮಿತಿಯ ಅಧ್ಯಕ್ಷರು ಪತ್ರ ಓದಿ, "ಎರಡು ಪುಟ ಕದ್ದವಳು ಮಿಕ್ಕಿದ್ದನ್ನು ಕದ್ದಿಲ್ಲ ಅಂತ ಹೇಗೆ ನಂಬೋದು?" ಎಂದರು. ಅಕ್ಕ ಮೇಜಿನ ಮೇಲಿದ್ದ ಪುಸ್ತಕವನ್ನು ಮೆಲ್ಲಗೆ ನನ್ನತ್ತ ತಳ್ಳಿದರು. ತೆರೆದು ಓದಿದೆ. ಯಂತ್ರಗಳ ಸದ್ದಿನಲ್ಲಿ ಏನೂ ಕೇಳಿಸದೆ ಆ ಹೆಂಗಸರು ತುಟಿ ನೋಡಿಯೇ ಜಗಳವಾಡುತ್ತಿದ್ದರಂತೆ. ಸೋತವಳು ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳಂತೆ. ಸದಸ್ಯರೊಬ್ಬರು ನಕ್ಕರು. ಇನ್ನೊಬ್ಬರು, "ಇದನ್ನ ಹೇಳಿದ್ದು ಯಾರು?" ಎಂದರು. "ನಮ್ಮಜ್ಜಿ, ಸರ್." ಆಮೇಲೆ ಪ್ರಶ್ನೆಯ ಮೇಲೆ ಪ್ರಶ್ನೆ. ಅರ್ಧ ಗಂಟೆ ಹೇಗೆ ಕಳೆಯಿತೋ ತಿಳಿಯಲಿಲ್ಲ.

ಅಂಕ ಕಡಿತವಾಯಿತು, ಆ ಭಾಗ ಮತ್ತೆ ಬರೆಯಬೇಕಾಯಿತು, ಪದವಿ ಆರು ತಿಂಗಳು ತಡವಾಯಿತು. ಆದರೆ ಬಂತು.

ಧನ್ಯವಾದ ಹೇಳಲು ಹೋದಾಗ ಕೇಳಿದೆ, "ಈ ಕೆಲಸಕ್ಕೆ ಯಾಕಕ್ಕ ಬಂದ್ರಿ?"

"ಒಂದು ಸಲ ನೋಂದಣಿ ಸಂಖ್ಯೆ ತಪ್ಪಾಗಿ ಟೈಪು ಮಾಡಿದ್ದೆ. ತಪ್ಪು ಮಾಡದವನಿಗೆ ನೋಟಿಸು ಹೋಯ್ತು. ಅವನು ಒಂದು ಸಾಲೂ ಉತ್ತರ ಬರೀದೆ ಓದು ಬಿಟ್ಟು ಹೋದ. ಆಮೇಲೆ ನಾವೇ ಕರೆದು ಕಾಗದ ಬರೆದ್ವಿ. ಬರಲಿಲ್ಲ."

ಮುಂದಿನ ಭಾನುವಾರ ಅಜ್ಜಿ ಹಟ ಹಿಡಿದು ನನ್ನ ಜೊತೆ ಅವರ ಮನೆಗೆ ಬಂದಳು. ಅಕ್ಕನ ಎರಡೂ ಕೈ ಹಿಡಿದುಕೊಂಡು, "ಇವಳ ಬಾಯಿಂದ ನಿಜ ಹೊರಡಿಸಿದ್ದೀರಲ್ಲ ತಾಯಿ, ಇಪ್ಪತ್ತು ವರ್ಷದಿಂದ ನನ್ನ ಕೈಲಿ ಆಗಿರಲಿಲ್ಲ," ಎಂದಳು. ಅಕ್ಕ ಬಿದ್ದು ಬಿದ್ದು ನಕ್ಕರು. ಅಲ್ಲಿಂದ ಮೂರು ಗಂಟೆ ಇಬ್ಬರೂ ಹರಟಿದರು. ನನ್ನತ್ತ ಯಾರೂ ತಿರುಗಿ ನೋಡಲಿಲ್ಲ. ನಾನು ಒಳಗೆ ಹೋಗಿ ಮೂವರಿಗೂ ಚಹಾ ಮಾಡಿದೆ.