ಡಬ್ಬಿ ಯಾರ ಮನೆಯಲ್ಲಿದೆ

ಅವನು ಲಿಫ್ಟ್ ರಿಪೇರಿ ಮಾಡುವವನು. ಮೂವತ್ತೊಂದು ವರ್ಷದಿಂದ ಅದೇ ಕೆಲಸ. ಕಟ್ಟಡದ ತಾರಸಿಯ ಮೇಲೆ ಮೋಟಾರು ಇರುವ ಪುಟ್ಟ ಕೋಣೆಯಲ್ಲಿ ಕಣ್ಣು ಮುಚ್ಚಿ ಎರಡು ನಿಮಿಷ ನಿಂತರೆ ಸಾಕು, ಯಾವ ಬೇರಿಂಗು ಸವೆದಿದೆ, ಯಾವ ಬೋಲ್ಟು ಸಡಿಲವಾಗಿದೆ ಎಂದು ಹೇಳಿಬಿಡುತ್ತಿದ್ದ. ಬೇರೆಯವರು 'ಎಲ್ಲ ಸರಿಯಾಗಿದೆ' ಎಂದದ್ದನ್ನು ಅವನು ಜನ್ಮದಲ್ಲಿ ನಂಬಿದವನಲ್ಲ. ಕೆಲಸಕ್ಕೆ ಅದು ಒಳ್ಳೆಯದೇ. ಕಷ್ಟವೆಂದರೆ ಸಂಜೆ ಪಾನಾ, ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ಹಾಕಿದ ಹಾಗೆ ಅನುಮಾನವನ್ನು ಹಾಕಿ ಜಿಪ್ ಎಳೆಯಲು ಅವನಿಗೆ ಬರುತ್ತಿರಲಿಲ್ಲ. ಅದು ಅವನ ಜೊತೆ ಮನೆಗೂ ಬರುತ್ತಿತ್ತು, ಊಟಕ್ಕೂ ಕೂರುತ್ತಿತ್ತು.

"ಹಾಲು ಬೆಳ್ಳಗಿದೆ ಅನ್ನೋಕೂ ನಿಮಗೆ ಇಬ್ಬರು ಸಾಕ್ಷಿ ಬೇಕು," ಎಂದು ಹೆಂಡತಿ ಹೇಳುತ್ತಿದ್ದಳು. ಅವನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಒಬ್ಬನೇ ಸಾಕ್ಷಿ ಸಾಲದು ಎನ್ನುವುದು ಅವನಿಗೂ ಒಪ್ಪಿಗೆಯಾಗಿತ್ತು.

ರಜೆಯ ದಿನಗಳಲ್ಲಿ ಅವನು ಮ್ಯಾಂಡೊಲಿನ್ ನುಡಿಸುತ್ತಿದ್ದ. ಸಭೆಯಲ್ಲಿ ನುಡಿಸುವಷ್ಟು ದೊಡ್ಡವನಲ್ಲ, ಸುಮ್ಮನಿರುವಷ್ಟು ಸಣ್ಣವನೂ ಅಲ್ಲ. ಅವನ ಜೊತೆಗಾರನೊಬ್ಬನಿದ್ದ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಿದ್ದುದರಿಂದ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಕನ್ನಡಕ ಎಂದೇ, ಅವನ ಮೂಗಿನ ಮೇಲೆ ಮಾತ್ರ ಕನ್ನಡಕವಿರಲಿಲ್ಲ. ಕನ್ನಡಕ ತಾನೇ ಹಾಡು ಕಟ್ಟಿ, ತನ್ನ ಮನೆಯಲ್ಲಿ ಗಿಟಾರು ಹಿಡಿದು ಹಾಡಿ, ರೆಕಾರ್ಡ್ ಮಾಡಿ ಕಳಿಸುತ್ತಿದ್ದ. ಲಿಫ್ಟಿನವನು ಅದಕ್ಕೆ ತನ್ನ ಮನೆಯಲ್ಲಿ ಮ್ಯಾಂಡೊಲಿನ್ ಸೇರಿಸುತ್ತಿದ್ದ. ಹತ್ತೊಂಬತ್ತು ವರ್ಷದಲ್ಲಿ ಹೀಗೆ ಇನ್ನೂರು ಚಿಲ್ಲರೆ ಹಾಡುಗಳಾಗಿದ್ದವು. ಕೇಳಿದವರು ಕಡಿಮೆ, ಮಾಡಿದವರಿಗೆ ಮಾತ್ರ ಅದೇ ದೊಡ್ಡ ಆಸ್ತಿಯಾಗಿತ್ತು.

ಆ ಹಾಡುಗಳಲ್ಲೆಲ್ಲ ಮೂರನೆಯ ಕಲಾವಿದನೂ ಇದ್ದ: ಕನ್ನಡಕನ ಮನೆಯ ಫ್ರಿಜ್. ಅಡುಗೆಮನೆಗೂ ಹಾಡುವ ಕೋಣೆಗೂ ನಡುವೆ ಬಾಗಿಲಿರಲಿಲ್ಲ. ಅದರ ಗುಂಯ್ ಎನ್ನುವ ಸದ್ದು ಪ್ರತಿ ಹಾಡಿನ ತಳದಲ್ಲೂ ಕೂತಿರುತ್ತಿತ್ತು. ಒಮ್ಮೆ ರೆಕಾರ್ಡಿಂಗಿಗೆಂದು ಕನ್ನಡಕ ಪ್ಲಗ್ ಕಿತ್ತು, ಮತ್ತೆ ಹಾಕಲು ಮರೆತು, ಒಳಗಿದ್ದದ್ದೆಲ್ಲ ಹಳಸಿ ನಾರಿತ್ತು. ಅಂದಿನಿಂದ ಅವನ ಹೆಂಡತಿ ಕಟ್ಟಪ್ಪಣೆ ಮಾಡಿದ್ದಳು: "ಅದು ನನ್ನ ತವರಿನವರು ಕೊಟ್ಟಿದ್ದು. ಹಾಡ್ತೀರೋ ಬಿಡ್ತೀರೋ, ಅದರ ತಂಟೆಗೆ ಮಾತ್ರ ಬರಬೇಡಿ."

ಇಂಥ ಮನೆ ಹಾಡುಗಾರರು ಊರಿನಲ್ಲಿ ನಲವತ್ತು ಜನ ಇದ್ದರು. ಅವರೆಲ್ಲ ಸೇರಿ ಫೋನಿನಲ್ಲೊಂದು ಗುಂಪು ಮಾಡಿಕೊಂಡಿದ್ದರು. ಹಾಡಿಗಿಂತ ಹೆಚ್ಚಾಗಿ ಅಲ್ಲಿ ಮೈಕು, ತಂತಿ, ಯಂತ್ರಗಳ ಮಾತೇ ನಡೆಯುತ್ತಿತ್ತು. ಆ ವರ್ಷ ಗುಂಪಿಗೆ ಡಬ್ಬಿಯ ಹುಚ್ಚು ಹಿಡಿಯಿತು. ಯಾವುದೋ ಕಂಪನಿ ಅಂಗೈಯಗಲದ ರೆಕಾರ್ಡರ್ ಒಂದನ್ನು ಮಾಡಿದೆಯಂತೆ, ಇನ್ನೂ ಮಾರಾಟಕ್ಕೆ ಬಿಟ್ಟಿಲ್ಲವಂತೆ. ಮನೆಯ ಮೂಲೆಯಲ್ಲಿಟ್ಟರೆ ಫ್ಯಾನು, ನಲ್ಲಿ, ಪಕ್ಕದ ಮನೆಯ ಜಗಳ ಎಲ್ಲವನ್ನೂ ಸೋಸಿ ಹಾಡನ್ನಷ್ಟೇ ಉಳಿಸಿಕೊಳ್ಳುತ್ತದಂತೆ. ಡೋಲು ಬಾರಿಸುವ ದರ್ಜಿಯ ಭಾವಮೈದ ಯಾವುದೋ ಗೋದಾಮಿನಲ್ಲಿ ಅದರ ಪೆಟ್ಟಿಗೆಯನ್ನು ಕಣ್ಣಾರೆ ನೋಡಿದ್ದನಂತೆ. ಮತ್ತೊಬ್ಬ ಮಸುಕು ಫೋಟೋ ಹಾಕಿದ.

ಲಿಫ್ಟಿನವನು ಆ ಫೋಟೋವನ್ನು ಹಿಗ್ಗಿಸಿ ನೋಡಿ ಬರೆದ: "ನಾಲ್ಕು ತಿರುಪಿನಲ್ಲಿ ಎರಡಕ್ಕೆ ಒಂದು ಥರದ ತಲೆ, ಎರಡಕ್ಕೆ ಇನ್ನೊಂದು ಥರ. ಯಾವ ಕಂಪನಿಯೂ ಹೀಗೆ ಮಾಡಲ್ಲ. ಇದು ಹಳೇ ರೇಡಿಯೋ." ಅವನ ಮಾತು ನಿಜವಾಗಿತ್ತು, ಫೋಟೋ ಹಾಕಿದವನು ವಾರಗಟ್ಟಲೆ ಬಾಯಿ ತೆರೆಯಲಿಲ್ಲ. ಗುಂಪಿನಲ್ಲಿ ಲಿಫ್ಟಿನವನ ತೂಕ ಹೆಚ್ಚಿತು. ಅವನೇ ಒಪ್ಪಿದರೆ ಮಾತ್ರ ಸುದ್ದಿ ಎನ್ನುವಂತಾಯಿತು.

ಆಮೇಲೆ ಬಂದ ಸುದ್ದಿ ಬೇರೆ ಜಾತಿಯದು. ಕಂಪನಿಯವರು ಪರೀಕ್ಷೆಗೆಂದು ಊರಿಗೊಬ್ಬರಂತೆ ಆರಿಸಿ ಡಬ್ಬಿ ಕೊಟ್ಟಿದ್ದಾರೆ. ತೆಗೆದುಕೊಂಡವರು ಯಾರಿಗೂ ಹೇಳುವುದಿಲ್ಲ ಎಂದು ಸಹಿ ಹಾಕಿದ್ದಾರೆ. ಇದು ಎಂಥ ಸುದ್ದಿಯೆಂದರೆ, 'ನನ್ನ ಹತ್ತಿರ ಇಲ್ಲ' ಎಂದವನ ಮೇಲೇ ಗುಮಾನಿ ಹೆಚ್ಚು. ನಲವತ್ತು ಜನ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡತೊಡಗಿದರು. ಲಿಫ್ಟಿನವನು ನಕ್ಕು ಸುಮ್ಮನಾದ.

ಅದೇ ದಿನಗಳಲ್ಲಿ ಕನ್ನಡಕ ಬದಲಾದ. ಮನೆಗೆ ಬರುತ್ತೇನೆಂದರೆ "ಈ ವಾರ ಬೇಡ ಮಾರಾಯ" ಎನ್ನುತ್ತಿದ್ದ. ಮುಂದಿನ ವಾರವೂ ಅದೇ ಮಾತು. ಅಂಗಡಿಯ ಮುಂದೆ ಸಿಕ್ಕರೆ ಕಣ್ಣು ತಪ್ಪಿಸಿ, ಕೈಯ ಗಾಜನ್ನು ಬೆಳಕಿಗೆ ಹಿಡಿದು ನೋಡುತ್ತಾ ನಿಲ್ಲುತ್ತಿದ್ದ. ಎರಡು ತಿಂಗಳಾದ ಮೇಲೆ ಒಂದು ಹಾಡು ಕಳಿಸಿದ. ಗುಂಪಿಗಲ್ಲ, ಲಿಫ್ಟಿನವನಿಗೆ ಮಾತ್ರ. "ಕೇಳಿ ಹೇಳು," ಎಂದಷ್ಟೇ ಬರೆದಿದ್ದ.

ಮಧ್ಯಾಹ್ನ, ಮೋಟಾರು ನಿಲ್ಲಿಸಿ, ಹೆಡ್‌ಫೋನ್ ಹಾಕಿಕೊಂಡು ಲಿಫ್ಟಿನವನು ಕೇಳಿದ. ಹಾಡು ಶುರುವಾಗುವ ಮುಂಚಿನ ಆರು ಸೆಕೆಂಡಿಗೇ ಅವನ ಕಿವಿ ನೆಟ್ಟಗಾಯಿತು. ಗುಂಯ್ ಇರಲಿಲ್ಲ. ಎಳ್ಳಷ್ಟೂ ಇರಲಿಲ್ಲ. ಮತ್ತೆ ಹಾಕಿದ. ಉಸಿರು ಎಳೆದದ್ದು, ಕುರ್ಚಿ ಕಿರುಗುಟ್ಟಿದ್ದು, ಗಿಟಾರಿನ ಮೇಲೆ ಬೆರಳು ಜಾರಿದ್ದು, ಎಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಅವುಗಳ ಹಿಂದೆ ಏನೂ ಇಲ್ಲ, ಬರಿದೋ ಬರಿದು. ಹತ್ತೊಂಬತ್ತು ವರ್ಷ ಕೇಳಿದ ಮನೆ ಇದಲ್ಲ. ಪ್ಲಗ್ ಕಿತ್ತಿರಲಿಕ್ಕಿಲ್ಲ, ಆ ಹೆಂಗಸು ಬಿಡುವವಳಲ್ಲ. ಹಾಗಾದರೆ ಉಳಿದದ್ದು ಒಂದೇ.

ಊರಿನವರ ಮಾತಿಗೆ ಅವನು ಸೊಪ್ಪು ಹಾಕುತ್ತಿರಲಿಲ್ಲ, ಆದರೆ ಇದು ಅವನ ಸ್ವಂತ ಕಿವಿ ಹೇಳಿದ ಸಾಕ್ಷಿ. ಡಬ್ಬಿ ತನಗೆ ಸಿಗಲಿಲ್ಲವೆಂಬ ಹೊಟ್ಟೆಕಿಚ್ಚು ಅವನಿಗೆ ನಿಜಕ್ಕೂ ಇರಲಿಲ್ಲ. ತನ್ನಿಂದ ಬಚ್ಚಿಟ್ಟನಲ್ಲ ಎನ್ನುವುದು ಎದೆಗೆ ಚುಚ್ಚಿತು. ತನ್ನ ಮಗಳ ಹೆರಿಗೆಗೂ ಆಸ್ಪತ್ರೆಗೆ ಜೊತೆಯಲ್ಲಿ ಬಂದವನು, ಒಂದು ಕಾಗದಕ್ಕೆ ಸಹಿ ಹಾಕಿ ಸ್ನೇಹವನ್ನೇ ಮಾರಿದನೆ? ಇನ್ನು ಮುಂದೆ ಅವನ ಹಾಡಿಗೆ ಮ್ಯಾಂಡೊಲಿನ್ ಮುಟ್ಟುವುದಿಲ್ಲ ಎಂದು ಅಲ್ಲೇ ತೀರ್ಮಾನ ಮಾಡಿದ.

"ಕನ್ನಡಕದವರ ಮನೆಯವಳು ಫೋನ್ ಮಾಡಿ ಎಷ್ಟು ದಿನ ಆಯ್ತು," ಎಂದಳು ಹೆಂಡತಿ ಆ ಸಂಜೆ, ಬಟ್ಟೆ ಮಡಚುತ್ತಾ. "ನಾನು ಮಾಡಿದರೂ ಎತ್ತಲ್ಲ. ಒಂದು ಸಲ ಹೋಗಿ ನೋಡಿಕೊಂಡು ಬನ್ನಿ."

"ಯಾಕೆ ಎತ್ತಲ್ಲ ಅಂತ ನನಗೆ ಗೊತ್ತು," ಎಂದ ಅವನು. "ಗಂಡ ಹೆಂಡತಿ ಇಬ್ಬರೂ ಸೇರಿ ಬಚ್ಚಿಡ್ತಿದ್ದಾರೆ."

ರಾತ್ರಿಯಿಡೀ ಆ ಹಾಡನ್ನೇ ಕೇಳಿದ, ಮರುದಿನವೂ ಕೇಳಿದ. ಮೂವತ್ತು ಸಲ ಆಗಿರಬೇಕು. ಕೊನೆಗೆ ಮೊದಲ ಆರು ಸೆಕೆಂಡನ್ನು ಕತ್ತರಿಸಿ ಗುಂಪಿಗೆ ಹಾಕಿದ. ಕೆಳಗೆ ಬರೆದ: "ಡಬ್ಬಿ ನಮ್ಮ ಊರಲ್ಲೇ ಇದೆ. ಇದು ಕನ್ನಡಕನ ಮನೆ. ಫ್ರಿಜ್ ಎಲ್ಲಿ ಹೋಯ್ತು ಅಂತ ಅವನನ್ನೇ ಕೇಳಿ."

ಲಿಫ್ಟಿನವನೇ ಒಪ್ಪಿದನೆಂದರೆ ಮುಗಿಯಿತಲ್ಲ. ನಲವತ್ತು ಜನ ಆ ನಿಶ್ಶಬ್ದವನ್ನು ಕಿವಿಗೊಟ್ಟು ಕೇಳಿ, ಭಲೇ ಎಂದರು. ದರ್ಜಿ ಆ ಸಂಜೆಯೇ ಕನ್ನಡಕನಿಗೆ ಫೋನ್ ಮಾಡಿದ. ಉಳಿದವರೂ ಬಿಡಲಿಲ್ಲ. ಕನ್ನಡಕ ಗುಂಪಿನಲ್ಲಿ ಒಂದು ಅಕ್ಷರವನ್ನೂ ಬರೆಯಲಿಲ್ಲ. ಬರೆಯುವುದಿಲ್ಲವೆಂದು ಸಹಿ ಹಾಕಿದ್ದಾನಲ್ಲ, ಎಂದು ಎಲ್ಲರೂ ತಲೆಯಾಡಿಸಿದರು.

ಮೂರನೆಯ ದಿನ, ಭಾನುವಾರ ಬೆಳಿಗ್ಗೆ, ಲಿಫ್ಟಿನವನು ಹೇಳದೆ ಕೇಳದೆ ಕನ್ನಡಕನ ಮನೆಗೆ ಹೋದ. ಡಬ್ಬಿಯನ್ನು ಕೈಯಾರೆ ಹಿಡಿದು, ಎದುರೆದುರೇ ನಾಲ್ಕು ಮಾತು ಆಡಿ ಬರಬೇಕೆಂದಿತ್ತು. ಬಾಗಿಲು ತೆರೆದ ಕನ್ನಡಕ ಒಳಗೆ ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಗಡ್ಡ ಬೆಳೆದಿತ್ತು.

ಲಿಫ್ಟಿನವನು ಹಾಡುವ ಕೋಣೆಯನ್ನು ಕಣ್ಣಲ್ಲೇ ಜಾಲಾಡಿದ. ಮೇಜಿನ ಮೇಲೆ ಅದೇ ಹಳೆಯ ರೆಕಾರ್ಡರು, ಅದೇ ಅಂಟುಪಟ್ಟಿ ಸುತ್ತಿದ ಮೈಕು. ಅಡುಗೆಮನೆಗೆ ಹೋದ. ಗೋಡೆಯ ಪಕ್ಕದಲ್ಲಿ ನೆಲದ ಮೇಲೊಂದು ಚೌಕ ಉಳಿದಿತ್ತು. ಸುತ್ತಲಿನ ನೆಲ ಓಡಾಡಿ ಮಾಸಿತ್ತು, ಆ ಚೌಕ ಮಾತ್ರ ಹೊಸದರಂತಿತ್ತು. ಅದರ ಮೇಲಿನ ಗೋಡೆಯಲ್ಲಿ ಪ್ಲಗ್ಗಿನ ತೂತುಗಳು ಖಾಲಿ. ಒಲೆಯ ಹತ್ತಿರ ಒಂದೇ ತಟ್ಟೆ, ಒಂದೇ ಲೋಟ. ಗೂಟಕ್ಕೆ ಒಂದೇ ಟವೆಲ್.

"ಕೇಳು," ಎಂದ ಕನ್ನಡಕ ಬಾಗಿಲಿಗೆ ಒರಗಿ. "ಫ್ರಿಜ್ ಎಲ್ಲಿ ಹೋಯ್ತು ಅಂತ ಕೇಳಬೇಕಿತ್ತಲ್ಲ ನಿನಗೆ. ಕೇಳು."

ಲಿಫ್ಟಿನವನು ಆ ಚೌಕದ ಅಂಚನ್ನು ಕಾಲ್ಬೆರಳಿನಿಂದ ಸವರಿದ.

"ಅವಳು ಹೋಗಿ ಎರಡು ತಿಂಗಳ ಮೇಲಾಯ್ತು. ತನ್ನದನ್ನ ತಾನು ತಗೊಂಡು ಹೋದಳು. ಇನ್ನು ಬರಲ್ಲ ಅಂತ ಹೇಳಿಯೇ ಹೋಗಿದ್ದು. ಬಾಯಿಬಿಟ್ಟು ಹೇಳೋಕೆ ನಾಚಿಕೆ ಆಯ್ತು. ಮೂರು ದಿನದಿಂದ ಊರೆಲ್ಲ ಫೋನ್ ಮಾಡಿ, ನಗ್ತಾ, ಫ್ರಿಜ್ ಎಲ್ಲಿ ಅಂತ ಕೇಳ್ತಿದೆ. ನಾನು ಏನು ಹೇಳಲಿ?"

"ನನಗೆ ಹೇಳಬಹುದಿತ್ತು," ಎಂದ ಲಿಫ್ಟಿನವನು.

"ಹೇಳಿದೆನಲ್ಲ," ಎಂದ ಕನ್ನಡಕ. "ಮಾತಲ್ಲಿ ಆಗಲಿಲ್ಲ, ಹಾಡಲ್ಲಿ ಹೇಳಿದೆ. ಎಲ್ಲ ಹೇಳಿದೀನಿ ಅದರಲ್ಲಿ, ಅವಳು ಯಾಕೆ ಹೋದಳು ಅನ್ನೋದೂ. ಅದಕ್ಕೇ ನಿನಗೊಬ್ಬನಿಗೇ ಕಳಿಸಿದ್ದು. ಕೇಳಿದೆ ತಾನೆ?"

"ಕೇಳಿದೆ. ಮೂವತ್ತು ಸಲ ಕೇಳಿದೆ."

"ಹಾಗಾದರೆ ಒಂದು ಸಾಲು ಹೇಳು."

ಲಿಫ್ಟಿನವನು ಖಾಲಿ ಚೌಕದ ಪಕ್ಕದಲ್ಲಿ ನಿಂತು ನೆನಪು ಮಾಡಿಕೊಂಡ. ಎಲ್ಲಿ ಉಸಿರು ಎಳೆದ, ಎಲ್ಲಿ ಕುರ್ಚಿ ಕಿರುಗುಟ್ಟಿತು, ಎಷ್ಟನೇ ಸೆಕೆಂಡಿಗೆ ಬೆರಳು ಜಾರಿತು, ಎಲ್ಲವೂ ತಪ್ಪಿಲ್ಲದೆ ನೆನಪಿಗೆ ಬಂತು. ಕನ್ನಡಕ ಕೈಕಟ್ಟಿಕೊಂಡು ಕಾಯುತ್ತಿದ್ದ, ಇವನಿಗೆ ಹಾಡಿನ ಒಂದು ಪದವೂ ಗೊತ್ತಿರಲಿಲ್ಲ.