ಎರಡಕ್ಷರದ ಹಿರಿಯರು

ಕಳೆದ ಜುಲೈ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ತುಮಕೂರಿನ ಸರ್ಕಾರಿ ಕಚೇರಿಯೊಂದರ ಮೂರನೇ ಕೌಂಟರಿನಲ್ಲಿ, ನನ್ನ ಹೆಸರಿನ ಮುಂದಿರುವ ಎರಡು ಅಕ್ಷರಗಳನ್ನು ಬಿಡಿಸಿ ಬರೆಯುವಂತೆ ನನಗೆ ಸೂಚಿಸಲಾಯಿತು. ಅರ್ಜಿ ಹಿರಿಯ ನಾಗರಿಕರ ಗುರುತಿನ ಚೀಟಿಯದು, ಅರ್ಜಿದಾರ ಎಚ್.ಸಿ. ಪಂಚಾಕ್ಷರಿ, ಅಂದರೆ ನಾನು. ಹಿರಿಯನೆನಿಸಿಕೊಳ್ಳಲು ಹಿರಿಯರ ಹೆಸರು ಗೊತ್ತಿರಬೇಕೆಂಬುದು ನ್ಯಾಯವಾದದ್ದೇ.

"ಕಂಪ್ಯೂಟರ್ ಇನಿಷಿಯಲ್ ತಗೊಳಲ್ಲ ಸಾರ್, ಫುಲ್ ಹೇಳಿ," ಎಂದರು ಕೌಂಟರಿನಲ್ಲಿದ್ದ ಹೆಣ್ಣುಮಗಳು.

ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಮೂವತ್ತು ವರ್ಷ ಪ್ರತಿ ತಿದ್ದಿದವನು ನಾನು. ಯಾವುದೇ ಸಂಕ್ಷಿಪ್ತ ರೂಪ ಸುದ್ದಿಯಲ್ಲಿ ಮೊದಲ ಸಲ ಬಂದಾಗ ಪೂರ್ತಿ ಬಿಡಿಸಿ ಬರೆಯಬೇಕೆಂದು ಎಷ್ಟು ವರದಿಗಾರರನ್ನು ಗದರಿದ್ದೇನೋ ಲೆಕ್ಕವಿಲ್ಲ. ಐದಕ್ಷರದ ಮಂತ್ರವನ್ನೇ ಹೆಸರಾಗಿ ಹೊತ್ತ ಅದೇ ನಾನು, ಎರಡಕ್ಷರದ ಮುಂದೆ ಬೆಬ್ಬೆಬ್ಬೆ ಎಂದು, ಪಕ್ಕಕ್ಕೆ ಸರಿದು ಗುಬ್ಬಿಗೆ ಫೋನು ಮಾಡಿದೆ.

ಗುಬ್ಬಿಯಲ್ಲಿರುವುದು ಗೌರತ್ತೆ, ನನ್ನ ತಂದೆಯ ಅಕ್ಕ. ಮದುವೆಯಾಗದೆ, ಊರಿನ ಅರ್ಧ ಮಂದಿಗೆ ಮಗ್ಗಿ ಕಲಿಸಿ ನಿವೃತ್ತರಾದ ಮೇಡಂ. ನಮ್ಮ ಮನೆತನದ ಹಿರಿಯರಿಗೆ ಮಹಾಲಯ ಅಮಾವಾಸ್ಯೆಯಂದು ಎಡೆ ಇಡುವ ಹೊಣೆ ಅವರದೇ.

"ಪೇಪರ್‌ನೋನು ಅಂತೀಯ, ಮುತ್ತಾತನ ಅಪ್ಪನ ಹೆಸರು ಗೊತ್ತಿಲ್ವೇನೋ? ಎಚ್ ಅಂದ್ರೆ ಹುಲಿಯೂರುದುರ್ಗ, ಸಿ ಅಂದ್ರೆ ಚನ್ನಬಸವಯ್ಯ. ವರ್ಷಾ ವರ್ಷಾ ನಾನು ಕರಿಗಡುಬು ಇಡ್ತಿರೋದು ಯಾರಿಗೆ ಅನ್ಕೊಂಡಿದ್ದೀಯ?"

ಹಾಗೇ ಬರೆದುಕೊಟ್ಟೆ. ಒಂದೇ ಮೂಲದ ಸುದ್ದಿಯನ್ನು ನಂಬಬಾರದೆಂಬುದು ನಮ್ಮ ವೃತ್ತಿಯ ಎರಡನೇ ನಿಯಮ. ಆ ಮೂಲ ಸೋದರತ್ತೆಯಾದರೆ ಏನು ಮಾಡಬೇಕೆಂದು ನಿಯಮದಲ್ಲಿಲ್ಲ.

ಸಂಜೆ ಅವರೇ ಮತ್ತೆ ಫೋನು ಮಾಡಿದರು. "ಹೆಸರು ಬರ್ಸಿದ್ದಾಯ್ತಲ್ಲ, ಹಂಗೇ ಅವರ ಸಮಾಧಿ ಎಲ್ಲೈತೆ ಹುಡುಕ್ಕೊಡು. ಕಾಲು ನಡೆಯೋವಾಗ್ಲೇ ಹೋಗಿ ಒಂದು ದೀಪ ಹಚ್ಚಿ ಬರ್ಬೇಕು ಕಣೋ. ಅರವತ್ತು ವರ್ಷ ಊಟ ಹಾಕಿದೀನಿ, ಮನೆ ನೋಡಿಲ್ಲ."

ಚನ್ನಬಸವಯ್ಯನವರ ಬಗ್ಗೆ ನಮ್ಮಲ್ಲಿ ಮಾಹಿತಿಗೆ ಕೊರತೆಯಿರಲಿಲ್ಲ. ಅವರಿಗೆ ಕರಿಗಡುಬೆಂದರೆ ಪ್ರಾಣ, ಕೊಬ್ಬರಿ ಕಡಿಮೆಯಾದರೆ ಕೋಪ. ಅವರ ಮಗ, ಅಂದರೆ ನನ್ನ ಮುತ್ತಾತ ರುದ್ರಯ್ಯ, ಮನೆಯವರ ಬಾಯಲ್ಲಿ ಬರೀ 'ದಫೇದಾರ್ ತಾತ'. ದಫೇದಾರ್ ತಾತ ಬೇಗ ತೀರಿಕೊಂಡದ್ದರಿಂದ ನನ್ನ ಅಜ್ಜ ಗುಬ್ಬಿಯ ಸೋದರಮಾವನ ಮನೆಯಲ್ಲಿ ಬೆಳೆದರು. ತಂದೆಯ ಕಡೆಯ ಊರು, ನೆಂಟಸ್ತಿಕೆ ಎಲ್ಲ ಅಲ್ಲಿಗೇ ಕಡಿಯಿತು.

ಮೊದಲು ಹುಲಿಯೂರುದುರ್ಗಕ್ಕೆ ಹೋದೆ. ಬಸ್‌ ಸ್ಟ್ಯಾಂಡಿನ ಬಳಿಯ ಅಂಗಡಿಯಲ್ಲಿ ಕೂತಿದ್ದ ಯಜಮಾನರೊಬ್ಬರು ನನ್ನ ವೃತ್ತಾಂತವನ್ನೆಲ್ಲ ತಾಳ್ಮೆಯಿಂದ ಕೇಳಿ, "ಆ ಹೆಸ್ರಿನೋರು ಇಲ್ಲಿ ಯಾರೂ ಇದ್ದಂಗಿಲ್ಲ. ಹುತ್ರಿದುರ್ಗ ನೋಡಿ, ಅದಕ್ಕೂ ಎಚ್ಚೇ," ಎಂದರು. ಹುತ್ರಿದುರ್ಗಕ್ಕೂ ಹೋದೆ. ಅಲ್ಲಿಯವರು ಅಷ್ಟೇ ಸೌಜನ್ಯದಿಂದ ನನ್ನನ್ನು ಹುಲಿಯೂರುದುರ್ಗಕ್ಕೆ ಕಳಿಸಿದರು.

ಇನ್ನು ಕಾಗದವೇ ಗತಿ ಎಂದುಕೊಂಡು, ಅಜ್ಜ ಓದಿದ ಗುಬ್ಬಿಯ ಹಳೆಯ ಶಾಲೆಯ ದಾಖಲಾತಿ ಪುಸ್ತಕ ತೆಗೆಸಿದೆ. ವಿದ್ಯಾರ್ಥಿ: ಎಚ್.ಸಿ. ಸಿದ್ದಲಿಂಗಯ್ಯ. ತಂದೆ: ಎಚ್.ಸಿ. ರುದ್ರಯ್ಯ, ಕುಣಿಗಲ್, ಕಾಲವಾಗಿದ್ದಾರೆ. ರುದ್ರಯ್ಯನವರ ಮಗ ನ್ಯಾಯವಾಗಿ ಎಚ್.ಆರ್. ಆಗಬೇಕಿತ್ತಲ್ಲ ಎಂಬ ಸಂಶಯ ಆ ಕ್ಷಣ ಬರಬೇಕಿತ್ತು. ಬೇರೆಯವರ ಪ್ರತಿಯಾಗಿದ್ದರೆ ಬರುತ್ತಿತ್ತು.

ಕುಣಿಗಲಿನ ದಾಖಲೆ ಕೊಠಡಿಯ ಗುಮಾಸ್ತರು, ವಾರದಲ್ಲಿ ನನ್ನ ಮೂರನೇ ಭೇಟಿಯ ಹೊತ್ತಿಗೆ, ಜಮೀನಿನ ಹಳೆಯ ಕ್ರಯಪತ್ರದ ನಕಲೊಂದನ್ನು ಮುಂದಿಟ್ಟರು. ಸಾಕ್ಷಿಗಳ ಸಾಲಿನಲ್ಲಿ 'ಎಚ್.ಸಿ. ರುದ್ರಯ್ಯ ಬಿನ್ ಮರಿಯಪ್ಪ, ಸಾಕಿನ್ ಕೋರ' ಎಂದಿತ್ತು. ಬಿನ್ ಎಂದರೆ ಮಗ, ಸಾಕಿನ್ ಎಂದರೆ ವಾಸದ ಊರು. ತಂದೆಯೂ ಬೇರೆ, ಊರೂ ಬೇರೆ; ಇವರು ನಮ್ಮವರಲ್ಲವೆಂದು ತೀರ್ಮಾನಿಸುವಷ್ಟರಲ್ಲಿ ಕೆಳಗಿನ ಸಾಲು ಕಂಡಿತು: ಎಚ್.ಸಿ. ನಂಜಪ್ಪ.

"ನೋಡಿ, ಇವರೂ ಎಚ್.ಸಿ.! ಇವರು ನಮ್ಮ ಮನೆತನದವರೇ ಇರಬೇಕು," ಎಂದೆ, ಸಂಭ್ರಮದಿಂದ.

ಗುಮಾಸ್ತರು ಕನ್ನಡಕ ಮೇಲೆತ್ತಿದರು. "ಹಂಗಾದ್ರೆ ಅದರ ಕೆಳಗೆ ಪಿ.ಸಿ. ಹುಸೇನ್ ಸಾಬ್ರು ಅವ್ರೆ. ಅವರದ್ದು ಪಾವಗಡವಾ? ಸಾರ್, ಇದು ಇನಿಷಿಯಲ್ ಅಲ್ಲ, ಹುದ್ದೆ. ಹೆಡ್ ಕಾನ್‌ಸ್ಟೇಬಲ್. ಮೂರೂ ಜನ ಇಲ್ಲಿನ ಸ್ಟೇಷನ್ನಿನೋರು."

ಹುದ್ದೆ ಒಂದೇ: ಊರವರ ಬಾಯಲ್ಲಿ ದಫೇದಾರ್, ಸರ್ಕಾರದ ಕಾಗದದಲ್ಲಿ ಎಚ್.ಸಿ. ಸತ್ಯ ಮನೆಯಲ್ಲೇ ಇತ್ತು, ದಿನವೂ ಬಾಯಲ್ಲಿ ಬರುತ್ತಿತ್ತು. ಸೋದರಮಾವ ಯಾವುದೋ ಸರ್ಕಾರಿ ಕಾಗದ ಹಿಡಿದು ಹುಡುಗನನ್ನು ಶಾಲೆಗೆ ಸೇರಿಸಲು ಹೋಗಿರಬೇಕು. ಮೇಷ್ಟ್ರು ತಂದೆಯ ಹುದ್ದೆಯನ್ನು ಮಗನಿಗೂ ದಯಪಾಲಿಸಿರಬೇಕು. ಏಳು ವರ್ಷದ ಹುಡುಗ ಹೆಡ್ ಕಾನ್‌ಸ್ಟೇಬಲ್ ಆದ. ಆಮೇಲೆ ನನ್ನ ತಂದೆ, ಆಮೇಲೆ ನಾನು; ನಾಲ್ಕು ತಲೆಮಾರು ನಾವು ಬಡ್ತಿಯಿಲ್ಲದೆ ಅದೇ ಹುದ್ದೆಯಲ್ಲಿದ್ದೇವೆ. ಮುಂದೆ ಯಾರೋ ಕೇಳಿದಾಗ ಅಜ್ಜ 'ಸಿ ಅಂದರೆ ಚನ್ನಬಸವಯ್ಯ ಇರಬೇಕು' ಎಂದಿರಬಹುದು. ಒಂದು ತಲೆಮಾರು ದಾಟುವಷ್ಟರಲ್ಲಿ 'ಇರಬೇಕು' ಉದುರಿಹೋಯಿತು. 'ಎನ್ನಲಾಗಿದೆ' ಎಂಬುದು ಉದುರಿದ ಸುದ್ದಿ ಎಷ್ಟು ಸಲೀಸಾಗಿ ಚರಿತ್ರೆಯಾಗುತ್ತದೆಂಬುದನ್ನು ನಾನು ಕಿರಿಯರಿಗೆ ಬೋಧಿಸುತ್ತಿದ್ದುದುಂಟು.

ಉಳಿದದ್ದು ಗೌರತ್ತೆಗೆ ಹೇಳುವ ಕೆಲಸ. ಕೆಟ್ಟ ಸುದ್ದಿಗಳನ್ನು ನೇರ ವಾಕ್ಯದಲ್ಲಿ ಬರೆಯಬೇಕೆಂದು ಕಲಿತವನು, ಗುಬ್ಬಿಯ ಮನೆಯಲ್ಲಿ ಎರಡು ಲೋಟ ಕಾಫಿ ಮುಗಿಸುವವರೆಗೆ ಮಳೆಬೆಳೆಯ ಮಾತಾಡಿದೆ. ನಕಲು ಪ್ರತಿಯನ್ನು ಅವರೇ ನನ್ನ ಕೈಯಿಂದ ಕಿತ್ತುಕೊಂಡು, ಮಕ್ಕಳ ಉತ್ತರ ಪತ್ರಿಕೆ ಓದುವ ಹಾಗೆ ಬೆರಳಿಟ್ಟು ಓದಿದರು. ನಾನು ವಿವರಿಸಿದೆ.

"ಅಂದ್ರೆ ಅರವತ್ತು ವರ್ಷ ನಾನು ಕಡುಬು ಇಟ್ಟಿದ್ದು ಪೊಲೀಸ್ ಇಲಾಖೆಗಾ?"

ನಾನು ನಕ್ಕೆ. ಅವರು ನಗಲಿಲ್ಲ. ಮರಿಯಪ್ಪ ಎಂಬ ಹೆಸರಿನ ಮೇಲೆ ಬೆರಳು ನಿಂತಿತ್ತು.

"ಇವರಿಗೆ ಒಂದು ಸಲನಾದ್ರೂ ಎಡೆ ಇಡ್ಲಿಲ್ವಲ್ಲೋ ಪಂಚಾ. ಪಕ್ಕದಲ್ಲಿ ಯಾರೋ ಉಣ್ತಾ ಇದ್ರೆ ನೋಡ್ಕೊಂಡು ಕೂತಿದ್ರೋ ಏನೋ."

"ಈ ವರ್ಷದಿಂದ ಇಟ್ರಾಯ್ತು ಬಿಡಿ ಅತ್ತೆ. ಕೋರಕ್ಕೂ ಹೋಗಿಬರೋಣ. ಚನ್ನಬಸವಯ್ಯನವರು ಹೇಗಿದ್ದರೂ ಇಲ್ಲವೇ ಇಲ್ಲ, ಅವರ ಜಾಗ ಖಾಲಿ."

"ಲೇಯ್, ಎಬ್ಬಿಸಿ ಕಳಿಸು ಅಂತೀಯೇನೋ? ಮರಿಯಪ್ಪನೋರಿಗಾದ್ರೆ ಕೋರದಲ್ಲಿ ಯಾರಾದ್ರೂ ಇದ್ದಾರು. ಈ ಪುಣ್ಯಾತ್ಮ ಯಾರ ಮನೆಗೆ ಹೋಗ್ಬೇಕು? ನಾನು ಬಿಟ್ರೆ ಅವ್ರಿಗೆ ಯಾರವ್ರೆ?"

ಇಲ್ಲದವರಿಗೆ ಇವರು ಬಿಟ್ಟರೆ ಯಾರೂ ಇಲ್ಲವೆಂಬ ಮಾತಿನಲ್ಲಿ ತಿದ್ದುವಂಥದ್ದೇನೂ ನನಗೆ ಸಿಗಲಿಲ್ಲ.

ಮಹಾಲಯ ಅಮಾವಾಸ್ಯೆಗೆ ಮೊದಲ ಭಾನುವಾರ ಗೌರತ್ತೆಯನ್ನು ಕೋರಕ್ಕೆ ಕರೆದುಕೊಂಡು ಹೋದೆ. ಮರಿಯಪ್ಪನವರ ಸಮಾಧಿ ಸಿಗಲಿಲ್ಲ. ಊರ ಗುಡಿಯಲ್ಲಿ ದೀಪ ಹಚ್ಚಿ ಬಂದರು. ಅಮಾವಾಸ್ಯೆಯ ದಿನ ಗುಬ್ಬಿಯ ಮನೆಯಲ್ಲಿ ಎಡೆಗಳ ಸಂಖ್ಯೆ ಒಂದು ಹೆಚ್ಚಾಯಿತು. ಮರಿಯಪ್ಪನವರಿಗೆ ಕರಿಗಡುಬು ಇಷ್ಟವೋ ಇಲ್ಲವೋ ತಿಳಿಯದ್ದರಿಂದ ಜೊತೆಗೆ ಪಾಯಸವನ್ನೂ ಬಡಿಸಲಾಗಿತ್ತು. ಚನ್ನಬಸವಯ್ಯನವರ ಎಡೆ ಎಂದಿನ ಜಾಗದಲ್ಲೇ ಇತ್ತು, ಕೊಬ್ಬರಿ ಧಾರಾಳವಾಗಿತ್ತು.

ಮುಂದಿನ ವಾರ ನನ್ನ ಗುರುತಿನ ಚೀಟಿ ಅಂಚೆಯಲ್ಲಿ ಬಂತು. ಸರ್ಕಾರದ ಮುದ್ರೆಯ ಕೆಳಗೆ ಅಚ್ಚಾಗಿರುವ ಹೆಸರು: ಹುಲಿಯೂರುದುರ್ಗ ಚನ್ನಬಸವಯ್ಯ ಪಂಚಾಕ್ಷರಿ.